ಕತ್ತರಿಗೆ ಮುಂಚೆ ಹೊಲಿಗೆ

ಹಳೆಯ ಬಟ್ಟೆ ಕಂಡರೆ ಕೌದಿಯ ನೆನಪಾಗುವುದು ಧಾರವಾಡದ ಕಡೆಯ ಹೆಣ್ಣುಮಕ್ಕಳ ಹುಟ್ಟುಗುಣ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಮುಖವೇ ಬದಲಾದ ಈ ಮಾದಾಪುರಕ್ಕೆ ಮಗನೊಡನೆ ಬಂದು ನೆಲೆಸಿದರೂ ನನ್ನ ಆ ಗುಣ ಹೋಗಲಿಲ್ಲ. ನಮ್ಮವ್ವ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಒತ್ತೊತ್ತಾಗಿ ಸಾಲುಹೊಲಿಗೆ ಹಾಕಿ ಕೌದಿ ಮಾಡುತ್ತಿದ್ದಳು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗೂ ಬಟ್ಟೆಯ ಹೂ ಕೂಡಿಸುತ್ತಾರೆ. ಹೂವಿಲ್ಲದ ಕೌದಿ ಅವರಿಗೆ ಪೂರ್ಣವಲ್ಲ.

ನಮ್ಮ ಯಜಮಾನರು ಹಿಮಾಲಯ ಯಾತ್ರೆಗೆಂದು ಕೊಂಡಿದ್ದ ತುಪ್ಪಳದ ಸ್ಲೀಪಿಂಗ್ ಬ್ಯಾಗು, ಅವರು ತೀರಿಕೊಂಡಂದಿನಿಂದ ಅಟ್ಟದ ಮೇಲಿತ್ತು. ಜಿಪ್ಪು ಕೆಟ್ಟಿತ್ತು. ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಕ್ಕೆ ಹೊರಟ ಮೊಮ್ಮಗ ಅದನ್ನು ಇಳಿಸಿ ತಂದು, “ಅಜ್ಜಿ, ಇದನ್ನ ಕೌದಿ ಮಾಡಿ ಕೊಡ್ತೀಯೇನ?” ಎಂದ. ಸೊಸೆ ನನ್ನ ಮುಖ ನೋಡಿ, “ಅತ್ಯಾರ, ಹಂಗ ಇರ್ಲಿ ಬಿಡ್ರಿ” ಎಂದಳು. ಎರಡು ದಿನ ಯೋಚಿಸಿದೆ. ಅಟ್ಟದಲ್ಲಿ ಮಡಿಸಿಟ್ಟ ಬಿಸುಪಿನಿಂದ ಯಾರ ಚಳಿ ಹೋದೀತು?

ತುಪ್ಪಳವೆಂದರೆ ಬಾತುಗಳ ಗರಿಯ ಕೆಳಗಿನ ನವಿರು ಪುಕ್ಕ. ಮೈಯನ್ನು ಬೆಚ್ಚಗಿಡುವುದು ಅದರೊಳಗೆ ಸಿಕ್ಕಿ ನಿಂತ ಗಾಳಿ. ಮಲಗಿದವರ ಭಾರಕ್ಕೆ ಅಡಿಯ ತುಪ್ಪಳ ಚಪ್ಪಟೆಯಾಗುತ್ತದೆ. ಅಲ್ಲಿ ಚಳಿ ತಡೆಯುವುದು ಹಾಸಿಗೆಯೇ. ಆದ್ದರಿಂದ ತಳವನ್ನು ತೆಗೆದರೆ ನಷ್ಟವೇನೂ ಇಲ್ಲ, ಹೊರೆಯೂ ಕಡಿಮೆ.

ಮೊದಲು ಜಿಪ್ಪು ಬಿಚ್ಚಿದೆ. ತಳದ ತುಪ್ಪಳವನ್ನು ಆದಷ್ಟೂ ಮೇಲ್ಭಾಗದ ಮನೆಗಳಿಗೆ ತಳ್ಳಿದೆ. ಕತ್ತರಿಸಬೇಕಾದ ಗೆರೆಯ ಎರಡು ಬದಿಗೂ ಒಂದೊಂದು ಸಾಲು ಹೊಲಿದು, ಆಮೇಲೆಯೇ ನಡುವೆ ಕತ್ತರಿ ಆಡಿಸಿದೆ. ಇಲ್ಲವಾದರೆ ಮನೆಯೆಲ್ಲ ಪುಕ್ಕವೇ! ಕಾಲಿನ ಕಡೆ ಎರಡು ಗೇಣು ಚೀಲವಾಗಿಯೇ ಉಳಿಯಿತು. ಅಂಚಿಗೆ ಪಟ್ಟಿ ಕಟ್ಟಿ, ಹೊದಿಕೆ ಜಾರದಂತೆ ಹಾಸಿಗೆಗೆ ಬಿಗಿಯಲು ಲಾಡಿ ಹಚ್ಚಿದೆ. ಇಲ್ಲಿ ದಬ್ಬಣ ಸಲ್ಲದು. ದೊಡ್ಡ ತೂತಿನಿಂದ ತುಪ್ಪಳ ನುಸುಳಿ ಬರುತ್ತದೆ. ಅವ್ವನ ಒತ್ತುಹೊಲಿಗೆಯೂ ಸಲ್ಲದು. ಅದು ತುಪ್ಪಳವನ್ನು ಅದುಮಿ ಗಾಳಿಯನ್ನೇ ಹೊರದೂಡುತ್ತದೆ. ಕೌದಿಯ ಬುದ್ಧಿ ಬೇಕು, ಕೌದಿಯ ಸೂಜಿ ಬೇಡ.

ಕೊನೆಗೆ ಯಜಮಾನರ ಹಳೆಯ ಧೋತರದ ಅಂಚಿನಿಂದ ನಾಲ್ಕು ಹೂ ಮಾಡಿ ಮೂಲೆಗೆ ಕೂಡಿಸಿದೆ. ಸೊಸೆಯೇ ದಾರ ಪೋಣಿಸಿ ಕೊಟ್ಟಳು.

ಡಿಸೆಂಬರಿನ ಚಳಿಯಲ್ಲಿ ಬೆಟ್ಟದ ಮೇಲೆ ಮಲಗಿದ್ದು ಬಂದ ಹುಡುಗ, “ಅಜ್ಜ ಜೋಡಿಗೆ ಇದ್ಹಂಗಿತ್ತು” ಎಂದ. ಸತ್ತವರ ವಸ್ತುವನ್ನು ಹಾಗೆಯೇ ಕಾದಿಡುವುದೂ ಪ್ರೀತಿಯೇ. ಇದ್ದವರ ಮೈಮೇಲೆ ಹೊದಿಸುವುದು ಅದಕ್ಕಿಂತ ದೊಡ್ಡ ಪ್ರೀತಿ. ಇಂಥದೊಂದು ಚೀಲ ನಿಮ್ಮ ಅಟ್ಟದಲ್ಲಿಯೂ ಇದ್ದರೆ ಇಳಿಸಿ ನೋಡಿರಿ. ಕತ್ತರಿಗೆ ಮುಂಚೆ ಹೊಲಿಗೆ ಎಂಬುದನ್ನು ಮಾತ್ರ ಮರೆಯಬೇಡಿರಿ.