ಗೋರಿಯೊಳಗಿನ ಆರೋಪಿ: ವ್ಯಾಂಪೈರ್ ಬೇಟೆಯ ಜಾನಪದ

1725ರ ಜುಲೈ ತಿಂಗಳಲ್ಲಿ ವಿಯೆನ್ನಾದ ಪತ್ರಿಕೆಯೊಂದು ಸರ್ಬಿಯಾದ ಕಿಸಿಲ್ಯೆವೊ ಎಂಬ ಹಳ್ಳಿಯಿಂದ ಬಂದ ವರದಿಯೊಂದನ್ನು ಅಚ್ಚುಮಾಡಿತು. ಅದನ್ನು ಬರೆದವನು ಫ್ರೊಂಬಾಲ್ಡ್ ಎಂಬ ಹ್ಯಾಬ್ಸ್‌ಬರ್ಗ್ ಅಧಿಕಾರಿ. 1718ರ ಪಸ್ಸಾರೊವಿಟ್ಸ್ ಒಪ್ಪಂದದಿಂದ ಉತ್ತರ ಸರ್ಬಿಯಾ ತುರ್ಕರ ಕೈಯಿಂದ ಹ್ಯಾಬ್ಸ್‌ಬರ್ಗ್ ಅರಸೊತ್ತಿಗೆಗೆ ಸೇರಿ ಆಗ ಏಳು ವರ್ಷವಷ್ಟೇ ಆಗಿತ್ತು. ಪೇತರ್ ಬ್ಲಾಗೊಯೆವಿಚ್ ಎಂಬ ರೈತ ತೀರಿಕೊಂಡು ಹತ್ತು ವಾರಗಳಾದ ಮೇಲೆ, ಎಂಟು ದಿನಗಳೊಳಗೆ ಆ ಹಳ್ಳಿಯ ಒಂಬತ್ತು ಜನ ಸತ್ತಿದ್ದರು. ಪ್ರತಿಯೊಬ್ಬರ ಕಾಯಿಲೆಯೂ ಒಂದು ಹಗಲು ಒಂದು ರಾತ್ರಿಯಲ್ಲಿ ಮುಗಿದಿತ್ತು. ಪೇತರ್ ನಿದ್ರೆಯಲ್ಲಿ ಬಂದು ಮೈಮೇಲೆ ಒರಗಿ ಕತ್ತು ಹಿಸುಕಿದನೆಂದು ಅವರು ಸಾಯುವ ಮುನ್ನ ಹೇಳಿದ್ದರಂತೆ. ಅವನ ಹೆಂಡತಿಯಾದರೋ, ಗಂಡ ಮನೆಗೆ ಬಂದು ತನ್ನ ಪಾದರಕ್ಷೆಗಳನ್ನು ಕೇಳಿದನೆಂದು ಹೇಳಿ ಊರನ್ನೇ ಬಿಟ್ಟುಹೋಗಿದ್ದಳು.

ಗ್ರಾಮಸ್ಥರು ಗೋರಿಯನ್ನು ತೆರೆಯಲು ನಿರ್ಧರಿಸಿ ಅಧಿಕಾರಿಯೂ ಪಾದ್ರಿಯೂ ಎದುರಿಗಿರಬೇಕೆಂದು ಪಟ್ಟುಹಿಡಿದರು. ಮೊದಲು ಬೆಲ್‌ಗ್ರೇಡ್‌ನಿಂದ ಅನುಮತಿ ತರಬೇಕೆಂದು ಫ್ರೊಂಬಾಲ್ಡ್ ಹೇಳಿದ. ಅನುಮತಿ ಬರುವಷ್ಟರಲ್ಲಿ ಊರೇ ಉಳಿಯದು, ತುರ್ಕರ ಕಾಲದಲ್ಲಿಯೂ ಹೀಗೆಯೇ ಆಗಿತ್ತು, ಆದ್ದರಿಂದ ತಾವು ಮನೆಮಠ ಬಿಟ್ಟು ಹೊರಟುಹೋಗುವೆವೆಂದು ಅವರು ಉತ್ತರಿಸಿದರು. ಕೊನೆಗೆ ಅಧಿಕಾರಿ ಮಣಿದ. ಶವದಲ್ಲಿ ದುರ್ಗಂಧವಿರಲಿಲ್ಲ, ಕೂದಲು, ಗಡ್ಡ, ಉಗುರುಗಳು ಬೆಳೆದಂತೆ ಕಂಡವು, ಹಳೆಯ ಚರ್ಮ ಸುಲಿದು ಕೆಳಗೆ ಹೊಸದು ತೋರಿತು, ಬಾಯಲ್ಲಿ ರಕ್ತವಿತ್ತು. ಎದೆಗೆ ಗೂಟ ನಾಟಿದಾಗ ರಕ್ತ ಹರಿಯಿತು. ಬಳಿಕ ದೇಹವನ್ನು ಸುಟ್ಟು ಬೂದಿ ಮಾಡಿದರು.

ಇಂಥ ಸತ್ತವನನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬುದು ಹಗುರವಾದ ಪ್ರಶ್ನೆಯಲ್ಲ. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನಿಗೆ ‘ವ್ಯಾಂಪೈರ್’ ಎಂಬ ಹೆಸರಿಟ್ಟ. ಅಂದಿನಿಂದ ಈ ಎರಡೂ ಒಂದೇ ಎಂಬ ಭಾವನೆ ಬೇರೂರಿದೆ. ಬೇತಾಳನು ಪರರ ಶವದೊಳಗೆ ನೆಲೆಸುವ ಚೇತನ; ಅವನು ಸ್ಮಶಾನವಾಸಿ, ಮಾತಿನಲ್ಲಿ ಚತುರ, ಅರಸನ ವಿವೇಕವನ್ನು ಪರೀಕ್ಷಿಸುವವನು. ಬಾಲ್ಕನ್ ಪ್ರದೇಶದ ವ್ಯಾಂಪೈರ್ ಆದರೋ ನೆರೆಮನೆಯವನು. ತನ್ನದೇ ದೇಹದೊಂದಿಗೆ ಎದ್ದುಬಂದು ಮೊದಲು ತನ್ನ ಬಂಧುಗಳನ್ನೂ ಅನಂತರ ಊರವರನ್ನೂ ಕಾಡುವವನು. ಹೂಳುವ ಪದ್ಧತಿಯಿಲ್ಲದೆ ಈ ನಂಬಿಕೆ ನಿಲ್ಲದು, ಏಕೆಂದರೆ ಅಗೆದು ನೋಡಲು ಒಂದು ದೇಹ ಉಳಿದಿರಬೇಕು. ‘ರಕ್ತಪಿಶಾಚಿ’ ಎಂಬ ರೂಢಿಯ ಪದವೂ ದೇಹವನ್ನು ಮರೆಸಿ ಅಶರೀರವಾದ ಪಿಶಾಚವನ್ನು ಮುಂದೆ ತರುತ್ತದೆ. ಆದ್ದರಿಂದ ಮೂಲದ ಹೆಸರನ್ನೇ ಉಳಿಸಿಕೊಳ್ಳುವುದು ಯುಕ್ತ.

ವ್ಯಾಂಪೈರನ್ನು ಹುಡುಕುವ ಕ್ರಮವು ಒಂದು ಬಗೆಯ ತನಿಖೆಯೇ ಆಗಿತ್ತು. ಸಾಲುಸಾವುಗಳಾದಾಗ ಕೇಳುತ್ತಿದ್ದ ಮೊದಲ ಪ್ರಶ್ನೆ, ಈ ಸಾಲಿನಲ್ಲಿ ಮೊದಲು ಸತ್ತವರು ಯಾರು ಎಂಬುದು. ಆತ್ಮಹತ್ಯೆ ಮಾಡಿಕೊಂಡವರು, ದೀಕ್ಷಾಸ್ನಾನವಿಲ್ಲದೆ ಸತ್ತವರು, ಚರ್ಚಿನಿಂದ ಬಹಿಷ್ಕೃತರಾದವರು, ಹೂಳುವ ಮುನ್ನ ಶವದ ಮೇಲೆ ಬೆಕ್ಕು ಹಾರಿದವರು ಸಂದೇಹಕ್ಕೆ ಸುಲಭವಾಗಿ ಗುರಿಯಾಗುತ್ತಿದ್ದರು. ಮುಂದಿನದು ಗೋರಿಯ ಪರೀಕ್ಷೆ. ಮಣ್ಣು ಕುಸಿದಿದೆಯೇ, ಅದರಲ್ಲಿ ರಂಧ್ರಗಳಿವೆಯೇ ಎಂದು ನೋಡುತ್ತಿದ್ದರು. ಎಳೆಯ ಹುಡುಗನೊಬ್ಬನನ್ನು ಕಳಂಕವಿಲ್ಲದ ಕಪ್ಪು ಗಂಡುಕುದುರೆಯ ಮೇಲೆ ಕೂರಿಸಿ ಸ್ಮಶಾನದಲ್ಲಿ ನಡೆಸುವ ಪದ್ಧತಿಯನ್ನು ಫ್ರೆಂಚ್ ಸನ್ಯಾಸಿ ಆಗಸ್ಟಿನ್ ಕಾಲ್ಮೆ 1746ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ. ಯಾವ ಗೋರಿಯನ್ನು ದಾಟಲು ಕುದುರೆ ಒಲ್ಲೆನ್ನುವುದೋ ಅದೇ ಅಪರಾಧಿಯ ಗೋರಿ. ಕೆಲವೆಡೆ ಶನಿವಾರ ಹುಟ್ಟಿದವರಿಗೆ ವ್ಯಾಂಪೈರ್ ಕಾಣುತ್ತದೆಂಬ ನಂಬಿಕೆಯಿತ್ತು. ಇನ್ನು ಕೆಲವೆಡೆ ವ್ಯಾಂಪೈರನಿಗೆ ಹುಟ್ಟಿದ ಮಗನಿಗೆ ಮಾತ್ರ ಆ ದೃಷ್ಟಿಯಿದೆಯೆಂದು ನಂಬಿ, ಅಂಥವನನ್ನು ಪ್ರತಿಫಲ ಕೊಟ್ಟು ಕರೆಸುತ್ತಿದ್ದರು. ಗ್ರೀಕರ ನಂಬಿಕೆಯಂತೆ ಶನಿವಾರದಂದು ಅದು ಗೋರಿಯನ್ನು ಬಿಟ್ಟು ಕದಲದು. ಅಗೆಯುವವರಿಗೆ ಅದೇ ಸೂಕ್ತ ದಿನ.

ಸಂಹಾರದ ವಿಧಿಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತವೆ. ಸರ್ಬಿಯಾದಲ್ಲಿ ಹಾಥಾರ್ನ್ ಎಂಬ ಮುಳ್ಳುಮರದ ಗೂಟಕ್ಕೆ ಪ್ರಾಶಸ್ತ್ಯ. ಅದು ಸಾಲದಾದಾಗ ಶಿರಚ್ಛೇದ, ದಹನ, ಬೂದಿಯ ವಿಸರ್ಜನೆ. ಏಜಿಯನ್ ದ್ವೀಪವಾದ ಮಿಕೊನೊಸ್‌ನಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಟೂರ್ನ್‌ಫೋರ್ ಇಂಥ ಪ್ರಸಂಗವೊಂದನ್ನು ಕಣ್ಣಾರೆ ಕಂಡ. ಅಲ್ಲಿ ಊರಿನ ಕಟುಕನಿಂದ ಶವದ ಹೃದಯವನ್ನು ತೆಗೆಸಿ ಕಡಲತೀರದಲ್ಲಿ ಸುಟ್ಟರು. ಭೀತಿ ಅಷ್ಟಕ್ಕೆ ಇಳಿಯಲಿಲ್ಲ. 1701ರ ಜನವರಿ ಮೊದಲ ದಿನ ಇಡೀ ದೇಹವನ್ನೇ ಸುಡಬೇಕಾಯಿತು. ಬೆಳ್ಳುಳ್ಳಿ ಕಟ್ಟುವುದು, ಗೋರಿಯ ಮಣ್ಣನ್ನು ತಿನ್ನುವುದು, ಎಣಿಸುತ್ತ ಕೂರಲೆಂದು ಶವದ ಬಳಿ ಗಸಗಸೆಯನ್ನು ಚೆಲ್ಲುವುದು ರಕ್ಷಣೆಯ ಉಪಾಯಗಳು. ಕನ್ನಡಿಯಲ್ಲಿ ಬಿಂಬ ಮೂಡದಿರುವುದು 1897ರ ‘ಡ್ರಾಕುಲಾ’ ಕಾದಂಬರಿಯಿಂದ ಪ್ರಚಾರಕ್ಕೆ ಬಂದುದು; ಸೂರ್ಯನ ಬೆಳಕಿಗೆ ಸಾಯುವುದು 1922ರ ‘ನೊಸ್ಫೆರಾಟು’ ಚಲನಚಿತ್ರದ ಕಲ್ಪನೆ. ಹಳ್ಳಿಯ ಬೇಟೆಗಾರನಿಗೆ ಇವೆರಡೂ ಅಪರಿಚಿತ.

ಈ ವಿಧಿಗಳ ಅತ್ಯಂತ ವಿವರವಾದ ದಾಖಲೆ ಒದಗಿದ್ದು 1732ರ ಜನವರಿಯಲ್ಲಿ. ಮೆದ್ವೆಜ ಎಂಬ ಸರ್ಬಿಯನ್ ಗ್ರಾಮದಲ್ಲಿ ಮೂರು ತಿಂಗಳಲ್ಲಿ ಹದಿನೇಳು ಜನ ಸತ್ತಾಗ, ಸೇನೆಯ ಶಸ್ತ್ರವೈದ್ಯ ಯೋಹಾನ್ ಫ್ಲೂಕಿಂಗರ್ ಅಲ್ಲಿಗೆ ಹೋಗಿ ಗೋರಿಗಳನ್ನು ತೆರೆಯಿಸಿದ. ಊರವರು ಸುಮಾರು ಐದು ವರ್ಷ ಹಿಂದೆ ಹುಲ್ಲಿನ ಬಂಡಿಯಿಂದ ಬಿದ್ದು ಸತ್ತಿದ್ದ ಆರ್ನೊಲ್ಡ್ ಪಾವ್ಲೆಯತ್ತ ಬೆರಳು ತೋರಿಸಿದರು. ತನ್ನನ್ನು ತುರ್ಕರ ಸೀಮೆಯಲ್ಲಿ ವ್ಯಾಂಪೈರೊಂದು ಕಾಡಿತ್ತು, ಅದರ ಗೋರಿಯ ಮಣ್ಣನ್ನು ತಿಂದು ಪಾರಾದೆ ಎಂದು ಅವನೇ ಹೇಳಿಕೊಂಡಿದ್ದನಂತೆ. ಸತ್ತ ನಲವತ್ತು ದಿನಗಳಿಗೆ ಅವನನ್ನು ಅಗೆದು ಗೂಟ ಹೊಡೆದಿದ್ದರು. ಆಗ ಅವನು ನರಳಿದನೆಂದು ಹೇಳಿಕೆ.

ಫ್ಲೂಕಿಂಗರ್ ಒಂದೊಂದು ಶವದ ವಯಸ್ಸು, ಕಾಯಿಲೆಯ ಅವಧಿ, ಒಳಾಂಗಗಳ ಸ್ಥಿತಿಗಳನ್ನು ಬರೆದಿಟ್ಟ. ಹೆರಿಗೆಯಲ್ಲಿ ಸತ್ತ ಇಪ್ಪತ್ತರ ಸ್ತಾನಾ ಆ ಪಟ್ಟಿಯಲ್ಲಿದ್ದಾಳೆ. ಅವಳ ಶಿಶುವನ್ನು ಸರಿಯಾಗಿ ಹೂಳದ ಕಾರಣ ನಾಯಿಗಳು ಅರ್ಧ ತಿಂದಿದ್ದವು ಎಂಬುದನ್ನೂ ಅವನು ಬಿಟ್ಟಿಲ್ಲ. ಅರವತ್ತರ ಮಿಲಿತ್ಸಾ ಬದುಕಿನುದ್ದಕ್ಕೂ ಬಡಕಲಾಗಿದ್ದವಳು. ಗೋರಿಯಲ್ಲಿ ಅವಳ ದೇಹ ತುಂಬಿಕೊಂಡದ್ದನ್ನು ಕಂಡು ಬಲ್ಲವರು ಬೆರಗಾದರು; ಆ ಬೆರಗೇ ಅವಳ ವಿರುದ್ಧದ ಸಾಕ್ಷ್ಯವಾಯಿತು. ಕೊಳೆತ ಶವಗಳನ್ನು ಮರಳಿ ಮಣ್ಣಿಗಿಟ್ಟರು. ಕೊಳೆಯದವುಗಳ ತಲೆ ಕಡಿದು ಸುಟ್ಟು ಬೂದಿಯನ್ನು ಮೊರಾವಾ ನದಿಗೆ ಸುರಿದರು.

ಸಂಶೋಧನೆಯ ವಿದ್ಯಾರ್ಥಿಗೆ ಈ ವರದಿಯಿಂದ ದೊರೆಯುವ ಪಾಠ ದೊಡ್ಡದು. ಪಾಲ್ ಬಾರ್ಬರ್ 1988ರಲ್ಲಿ ಪ್ರಕಟಿಸಿದ ತನ್ನ ಅಧ್ಯಯನದಲ್ಲಿ ಈ ಲಕ್ಷಣಗಳನ್ನು ನ್ಯಾಯವೈದ್ಯಶಾಸ್ತ್ರದೊಂದಿಗೆ ಹೋಲಿಸಿ ನೋಡಿದ. ಒಳಗಿನ ಅನಿಲದಿಂದ ಶವ ಉಬ್ಬುತ್ತದೆ. ಮಿಲಿತ್ಸಾ ದಪ್ಪಗಾದದ್ದು ಹಾಗೆ. ಅದೇ ಒತ್ತಡಕ್ಕೆ ಶ್ವಾಸಕೋಶದ ಕೆಂಪುದ್ರವ ಬಾಯಿಗೆ ಬರುತ್ತದೆ. ಮೇಲ್ಚರ್ಮ ಜಾರಿದಾಗ ಒಳಪದರ ಹೊಸ ಚರ್ಮದಂತೆ ತೋರುತ್ತದೆ. ಗೂಟದ ಹೊಡೆತಕ್ಕೆ ಅನಿಲವು ಗಂಟಲಿನ ಮೂಲಕ ನುಗ್ಗಿದಾಗ ನರಳಿಕೆಯಂಥ ಸದ್ದು ಕೇಳುತ್ತದೆ. ಚಳಿಗಾಲದ ಮಣ್ಣಿನಲ್ಲಿ ಶವ ಬೇಗ ಕೊಳೆಯದು. ಪಕ್ಕಪಕ್ಕದ ಗೋರಿಗಳಲ್ಲಿಯೂ ಕೊಳೆಯುವ ವೇಗ ಬೇರೆಯಾಗಬಹುದು. ಅಂದರೆ ಗ್ರಾಮಸ್ಥರು ಸುಳ್ಳು ಹೇಳಲಿಲ್ಲ, ವೈದ್ಯನ ಕಣ್ಣೂ ಮೋಸಹೋಗಲಿಲ್ಲ. ಕಂಡದ್ದು ನಿಜ, ಕಂಡದ್ದಕ್ಕೆ ಕಟ್ಟಿದ ಅರ್ಥ ತಪ್ಪು. ಸತ್ತ ದೇಹ ಹೇಗಿರಬೇಕೆಂಬ ಪೂರ್ವಕಲ್ಪನೆಯೊಂದಿಗೆ ಅವರು ಗೋರಿಯ ಮುಂದೆ ನಿಂತಿದ್ದರು. ಅದಕ್ಕೆ ಹೊಂದದ್ದೆಲ್ಲ ಅಪರಾಧದ ಗುರುತಾಯಿತು. ಪ್ರಾಚೀನ ದಾಖಲೆಗಳಲ್ಲಿ ಅಸಂಭವವೆನಿಸುವುದನ್ನು ಕಟ್ಟುಕಥೆಯೆಂದು ತಳ್ಳಿಹಾಕುವ ಮುನ್ನ, ಅದರಲ್ಲಿ ಅವಲೋಕನದ ಭಾಗ ಎಷ್ಟು, ವ್ಯಾಖ್ಯಾನದ ಭಾಗ ಎಷ್ಟು ಎಂದು ಬೇರ್ಪಡಿಸಬೇಕಾದ ಅಗತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಆದರೆ ಸತ್ತವರ ಪಾಲಿಗೆ ಇದು ವ್ಯಾಖ್ಯಾನದ ಪ್ರಶ್ನೆಯಷ್ಟೇ ಆಗಿರಲಿಲ್ಲ. ಸರ್ಬಿಯಾದ ದೊರೆ ದುಶಾನನ 1349ರ ಶಾಸನಸಂಹಿತೆಯಲ್ಲಿಯೇ, ಮಾಟದ ನೆಪದಿಂದ ಶವವನ್ನು ಅಗೆದು ಸುಡುವ ಗ್ರಾಮ ಕೊಲೆಯ ದಂಡವನ್ನು ತೆರಬೇಕೆಂದೂ, ಅಲ್ಲಿದ್ದ ಪಾದ್ರಿ ಪದವಿಯನ್ನು ಕಳೆದುಕೊಳ್ಳಬೇಕೆಂದೂ ವಿಧಿಯಿತ್ತು. ಕೊಲೆಯ ದಂಡವೆಂಬುದು ಗಮನಾರ್ಹ. ಶವಕ್ಕೂ ಒಂದು ಮರ್ಯಾದೆಯಿದೆಯೆಂದು ಆ ಶಾಸನ ಒಪ್ಪಿಕೊಂಡಿತ್ತು. ನಾಲ್ಕು ಶತಮಾನಗಳ ತರುವಾಯ, 1755ರಲ್ಲಿ, ಮರಿಯಾ ತೆರೇಸಾ ರಾಣಿ ತನ್ನ ವೈದ್ಯ ಗೆರಾರ್ಡ್ ವಾನ್ ಸ್ವೀಟನ್‌ನ ಸಲಹೆಯ ಮೇರೆಗೆ ಇಂಥ ಉತ್ಖನನಗಳನ್ನು ಮತ್ತೆ ನಿಷೇಧಿಸಬೇಕಾಯಿತು. ಕಾನೂನು ಎರಡು ಸಲ ಹೇಳಬೇಕಾಗಿ ಬಂದದ್ದು ಭಯದ ಬಲವನ್ನು ತೋರಿಸುತ್ತದೆ.

ವಿದ್ಯೆ ಹರಡಿದೊಡನೆ ಭಯ ಅಳಿಯುತ್ತದೆಂದು ಹೇಳಲಾಗದು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿ ಗುರುತಿಸಿದ. ಅದಾಗಿ ಹತ್ತು ವರ್ಷಕ್ಕೆ, ಅಮೆರಿಕದ ರೋಡ್ ಐಲೆಂಡ್ ಪ್ರಾಂತ್ಯದ ಎಕ್ಸೆಟರ್‌ನಲ್ಲಿ ಜಾರ್ಜ್ ಬ್ರೌನ್ ಎಂಬ ರೈತನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಆ ರೋಗಕ್ಕೆ ಬಲಿಯಾಗಿ, ಮಗ ಎಡ್ವಿನ್ ಹಾಸಿಗೆ ಹಿಡಿದಿದ್ದ. ನೆರೆಹೊರೆಯವರು ಮೂವರ ಶವಗಳನ್ನೂ ಪರೀಕ್ಷಿಸಬೇಕೆಂದು ಒತ್ತಾಯಿಸಿದರು. ಜಾರ್ಜನಿಗೆ ಈ ನಂಬಿಕೆ ಇರಲಿಲ್ಲ, ಆದರೂ ಒಪ್ಪಿಗೆ ಕೊಟ್ಟ. ಎರಡು ತಿಂಗಳ ಹಿಂದಷ್ಟೇ ಸತ್ತು ಚಳಿಗಾಲದ ಶೈತ್ಯದಲ್ಲಿದ್ದ ಮರ್ಸಿಯ ಹೃದಯದಲ್ಲಿ ರಕ್ತ ಸಿಕ್ಕಿತು. ಶ್ವಾಸಕೋಶದಲ್ಲಿ ಕ್ಷಯದ ಗುರುತುಗಳಿವೆಯೆಂದು ವೈದ್ಯ ಹೇಳಿದರೂ ಯಾರೂ ಕೇಳಲಿಲ್ಲ. ಹೃದಯವನ್ನೂ ಯಕೃತ್ತನ್ನೂ ಸುಟ್ಟು, ಆ ಬೂದಿಯನ್ನು ಔಷಧದಲ್ಲಿ ಬೆರೆಸಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ತೀರಿಕೊಂಡ. ನಂಬದ ತಂದೆಯೂ ಒಪ್ಪಿದ್ದೇಕೆ ಎಂಬುದಕ್ಕೆ ಉತ್ತರ ಕಷ್ಟವಲ್ಲ: ಅಂದಿನ ವೈದ್ಯಶಾಸ್ತ್ರ ರೋಗಕ್ಕೆ ಹೆಸರಿಟ್ಟಿತ್ತು, ಮದ್ದು ಕೊಟ್ಟಿರಲಿಲ್ಲ. ಜಾನಪದವಾದರೋ ಮಾಡಲು ಒಂದು ಕೆಲಸವನ್ನು ಕೊಟ್ಟಿತು.

ಫ್ರೊಂಬಾಲ್ಡನ ವರದಿ ಮುಗಿಯುವುದು ಒಂದು ಬೇಡಿಕೆಯೊಂದಿಗೆ. ಇದರಲ್ಲಿ ತಪ್ಪೇನಾದರೂ ಆಗಿದ್ದರೆ ಅದನ್ನು ತನ್ನ ಮೇಲೆ ಹೊರಿಸಬಾರದು, ಭಯದಿಂದ ಬುದ್ಧಿಗೆಟ್ಟ ಜನಸಮೂಹದ ಮೇಲೆ ಹೊರಿಸಬೇಕು ಎಂದು ಅವನು ಕೇಳಿಕೊಳ್ಳುತ್ತಾನೆ. ಹಳ್ಳಿ ತನ್ನ ಸಾವುಗಳ ಹೊಣೆಯನ್ನು ಪೇತರನ ಮೇಲೆ ಹೊರಿಸಿತ್ತು. ಅಧಿಕಾರಿ ಪೇತರನ ದಹನದ ಹೊಣೆಯನ್ನು ಹಳ್ಳಿಯ ಮೇಲೆ ಹೊರಿಸಿದ. ಆ ಒಂಬತ್ತು ಜನರನ್ನು ಕೊಂದ ಕಾಯಿಲೆ ಯಾವುದೆಂಬ ಪ್ರಶ್ನೆ ವರದಿಯಲ್ಲಿ ಎಲ್ಲಿಯೂ ಇಲ್ಲ. ಅವರ ಹೆಸರುಗಳೂ ಇಲ್ಲ. ಸತ್ತವರಲ್ಲಿ ದಾಖಲೆಯಲ್ಲಿ ಹೆಸರು ಉಳಿದದ್ದು ಆರೋಪಿಯದೊಂದೇ.