ಬಗ್ಗಡ ತಿಳಿಯಾಗುವ ಬಗೆ

ಮುಂಗಾರು ಬಲಿತು ಹೊಸನೀರು ಬಂದಿತೆಂದರೆ ಮಂಡ್ಯ ಸೀಮೆಯ ಹೊಳೆ, ನಾಲೆಗಳ ಬಣ್ಣವೇ ಬದಲಾಗಿಬಿಡುತ್ತದೆ. ಮದ್ದೂರಿನ ಮಗ್ಗುಲಲ್ಲಿ ಹರಿಯುವ ಶಿಂಷೆಯಾಗಲಿ, ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಧುಮುಕುವ ಕಾವೇರಿಯಾಗಲಿ, ಮೇಲುನಾಡಿನ ಮಣ್ಣನ್ನು ಹೊತ್ತುಕೊಂಡೇ ಬರುತ್ತದೆ. ರೈತನಿಗೆ ಅದು ಸಂತಸದ ಬಣ್ಣ. ಆದರೆ ಅದೇ ನೀರನ್ನು ಕೊಡದಲ್ಲಿ ತುಂಬಿ ತಂದು ಮನೆಮಂದಿಗೆ ಕುಡಿಸಬೇಕಾದವಳಿಗೆ ಅದು ಚಿಂತೆಯ ಬಣ್ಣ.

ನಲ್ಲಿಗಳು ಬರುವುದಕ್ಕೆ ಮುಂಚಿನ ದಿನಗಳಲ್ಲಿ ಈ ಚಿಂತೆಗೆ ಮನೆಮದ್ದು ಇದ್ದೇ ಇರುತ್ತಿತ್ತು. ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತೇದು ನೀರು ತುಂಬಿಟ್ಟರೆ ಕೆಸರು ಮೆಲ್ಲನೆ ತಳ ಸೇರುತ್ತದೆ. ಸಂಸ್ಕೃತದಲ್ಲಿ ಕತಕವೆಂದು ಹೆಸರಾದ ಇದರ ಗುಣವನ್ನು ಕಾಳಿದಾಸನೂ ಬಲ್ಲ. 'ಮಾಳವಿಕಾಗ್ನಿಮಿತ್ರ' ನಾಟಕದಲ್ಲಿ ಅದು ಉಪಮಾನವಾಗಿ ಬಂದಿದೆ. ಬೀಜ ದೊರೆಯದ ಮನೆಯಲ್ಲಿ ಪಟಿಕದ ಹರಳು. "ನಾಕು ಸುತ್ತು ಸಾಕು ಕಣವ್ವ, ಜಾಸ್ತಿ ತಿರುಗಿಸ್ಬ್ಯಾಡ" ಎಂದು ಅತ್ತೆ ಎಚ್ಚರಿಸುವಳು. ನೀರು ಇನ್ನಷ್ಟು ತಿಳಿಯಾಗಲೆಂಬ ಆಸೆಯಿಂದ ಹೊಸ ಸೊಸೆ ಹತ್ತು ಸುತ್ತು ತಿರುಗಿಸುವಳು. ಅಂದು ನೀರೆಲ್ಲ ಒಗರು. ಉಣ್ಣಲು ಕುಳಿತವರ ಮುಖವೆಲ್ಲ ಕಿವುಚು. ಅತ್ತೆಯ ನಾಲ್ಕು ಸುತ್ತಿನಲ್ಲಿ ಒಂದು ಶಾಸ್ತ್ರವೇ ಅಡಗಿತ್ತೆಂಬುದು ಇಬ್ಬರಿಗೂ ತಿಳಿಯದು.

ಬಗ್ಗಡವೆಂಬುದು ನೀರಿನಲ್ಲಿ ತೇಲುವ ಅತಿಸೂಕ್ಷ್ಮವಾದ ಜೇಡಿಯ ಕಣಗಳ ಸಮೂಹ. ಆ ಕಣಗಳೆಲ್ಲವೂ ಋಣ ವಿದ್ಯುದಂಶವುಳ್ಳವು. ಸಮಾನರು ಒಬ್ಬರನ್ನೊಬ್ಬರು ಸಹಿಸದಂತೆ ಅವು ಪರಸ್ಪರ ದೂರ ತಳ್ಳುತ್ತ, ತಳಕ್ಕಿಳಿಯದೆ ದಿನಗಟ್ಟಲೆ ಅಲೆಯುತ್ತವೆ. ಪಟಿಕದ ಅಲ್ಯೂಮಿನಿಯಂ ಧನ ವಿದ್ಯುದಂಶವುಳ್ಳದ್ದು. ಅದು ಬಂದು ಈ ವೈರವನ್ನು ಶಮನಗೊಳಿಸುತ್ತದೆ. ಆಗ ಕಣಗಳು ಒಂದನ್ನೊಂದು ಅಪ್ಪಿ, ಹತ್ತಿಯ ಎಸಳಿನಂತೆ ದಪ್ಪಗಾಗಿ, ತಮ್ಮ ಭಾರದಿಂದಲೇ ಕೆಳಗಿಳಿಯುತ್ತವೆ. ಪಟಿಕ ಅಳತೆ ಮೀರಿತೆಂದರೆ ಕಣಗಳೆಲ್ಲ ಧನ ವಿದ್ಯುದಂಶವನ್ನು ತಳೆದು ಮತ್ತೆ ಜಗಳಕ್ಕೆ ನಿಲ್ಲುವುದೂ ಉಂಟು. ಅಲ್ಲದೆ ಪಟಿಕವು ನೀರಿನ ಕ್ಷಾರಗುಣವನ್ನು ನುಂಗಿ ಅದನ್ನು ಆಮ್ಲದ ಕಡೆಗೆ ಎಳೆಯುತ್ತದೆ. ಆಗ ಸುಣ್ಣ ಬೆರೆಸಿ ಸಮತೂಕಕ್ಕೆ ತರಬೇಕು. ಈ ಆಮ್ಲ ಕ್ಷಾರಗಳ ತೂಕವನ್ನು ಹೇಳುವ ಅಂಕಿಯೇ ಪಿಎಚ್; 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಎಂಬ ವಿಜ್ಞಾನಿ ಅದನ್ನು ಬಳಕೆಗೆ ತಂದನು. ಏಳು ಎಂಬುದು ನಡುವಣ ಗೆರೆ. ಪಟಿಕದ ಕೆಲಸ ಚೆನ್ನಾಗಿ ನಡೆಯುವುದು ಆ ಗೆರೆಯ ಆಸುಪಾಸಿನಲ್ಲಿಯೇ.

ಗಡಿಗೆಯ ಈ ವಿದ್ಯೆಯ ವಿರಾಟ್ ಸ್ವರೂಪವನ್ನು ನೋಡಬೇಕೆಂದರೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಹೋಗಬೇಕು. ಬೆಂಗಳೂರಿಗೆ ಕುಡಿಯುವ ನೀರಾಗುವ ಕಾವೇರಿ ಶುದ್ಧಿಗೊಳ್ಳುವುದು ಅಲ್ಲಿಯೇ. 1974ರಲ್ಲಿ ಮೊದಲ ಹಂತ ಆರಂಭವಾದಾಗ ದಿನಕ್ಕೆ 13.5 ಕೋಟಿ ಲೀಟರಿನ ಲೆಕ್ಕ. 2024ರ ಐದನೆಯ ಹಂತವೊಂದರದೇ 77.5 ಕೋಟಿ. ಇಷ್ಟು ನೀರು ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ ಏರಿ ನಗರವನ್ನು ಸೇರಬೇಕು. ಇಂತಹ ಶುದ್ಧೀಕರಣಾಲಯಗಳಲ್ಲಿ ಮದ್ದಿನ ಅಳತೆಯನ್ನು ಊಹೆಯಿಂದ ನಿರ್ಧರಿಸುವುದಿಲ್ಲ. ಸಾಲಾಗಿಟ್ಟ ಗಾಜಿನ ಪಾತ್ರೆಗಳಲ್ಲಿ ಅಂದಿನ ಹೊಳೆನೀರನ್ನು ತುಂಬಿ, ಒಂದೊಂದಕ್ಕೆ ಒಂದೊಂದು ಪ್ರಮಾಣದ ಮದ್ದು ಹಾಕಿ, ಮೊದಲು ರಭಸದಿಂದ, ಬಳಿಕ ಮೆಲ್ಲಮೆಲ್ಲನೆ ಕಲಕಿ, ಕಾದು ನೋಡುತ್ತಾರೆ. ಯಾವ ಪಾತ್ರೆ ಕಡಮೆ ಮದ್ದಿನಲ್ಲಿ ಚೆನ್ನಾಗಿ ತಿಳಿಯಾಯಿತೋ ಅದೇ ಅಂದಿನ ಅಳತೆ. ನಿನ್ನೆಯ ಅಳತೆ ಇಂದಿಗೆ ಸಲ್ಲದು. ಮೇಲೆ ಒಂದು ಮಳೆಯಾದರೆ ಲೆಕ್ಕವೆಲ್ಲ ಹೊಸದು.

ಈ ಸಹನೆ ಸಾಲದೆ ಹೋಗುವುದು ಹೆಚ್ಚಾಗಿ ಈಜುಕೊಳಗಳಲ್ಲಿ. ಕೊಳದ ನೀರು ಹಾಲು ಬೆರೆತಂತಾದೊಡನೆ ಕಾವಲಿನವನು ಇನ್ನೊಂದು ಬೊಗಸೆ ಚೆಲುವೆಪುಡಿಯನ್ನು ಸುರಿಯುತ್ತಾನೆ. ಕೊಳವೆಬಾವಿಯ ಗಡಸುನೀರಾದರೆ ಅದರೊಳಗಿನ ಸುಣ್ಣ ಬೇರ್ಪಟ್ಟು ಬಗ್ಗಡ ಇಮ್ಮಡಿಸುತ್ತದೆ. ಪಿಎಚ್ ಏಳೂವರೆಯಲ್ಲಿರುವಾಗ ಕ್ಲೋರಿನ್ನಿನ ಸುಮಾರು ಅರ್ಧಭಾಗ ಕ್ರಿಮಿಗಳನ್ನು ಕೊಲ್ಲಬಲ್ಲ ರೂಪದಲ್ಲಿರುತ್ತದೆ; ಎಂಟಕ್ಕೇರಿದರೆ ಕಾಲುಭಾಗವೂ ಉಳಿಯುವುದು ಕಷ್ಟ. ಆದುದರಿಂದ ಮೊದಲು ಪರೀಕ್ಷೆ. ಅನಂತರ ಮಿತವಾದ ಆಮ್ಲದಿಂದ ಕ್ಷಾರವನ್ನು ತಗ್ಗಿಸುವುದು. ಆಮೇಲೆ ಕ್ಲೋರಿನ್, ಸೋಸುವಿಕೆ. ಇದು ಕೇವಲ ಅಂದದ ಮಾತಲ್ಲ. ತಳ ಕಾಣದ ಕೊಳದಲ್ಲಿ ಮುಳುಗಿದ ಮಗುವೂ ಕಾಣದು. ನೀರು ತಿಳಿಯಾಗುವ ತನಕ ಯಾರನ್ನೂ ಇಳಿಯಗೊಡದಿರುವುದೇ ಸರಿ.

ಹಾಗೆಂದು ತಿಳಿಯಾದದ್ದೆಲ್ಲವೂ ಶುದ್ಧವಲ್ಲ. ಪಟಿಕ ಕೆಸರನ್ನು ಕೆಳಗಿಳಿಸೀತು, ರೋಗಾಣುಗಳೆಲ್ಲವನ್ನೂ ಕೊಲ್ಲಲಾರದು. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಕನ್ನಡಿಯಂತಿದ್ದರೂ ಫ್ಲೋರೈಡಿನಿಂದ ಹಲ್ಲು, ಮೂಳೆಗಳನ್ನು ಕೆಡಿಸಿದೆ. ಕಣ್ಣು ಮೆಚ್ಚಿದ ಮೇಲೆಯೂ ಪರೀಕ್ಷೆ ಉಳಿದೇ ಇರುತ್ತದೆ.

ಬೆಂಗಳೂರಿನ ಮನೆಯೊಂದರಲ್ಲಿ ನಲ್ಲಿ ತಿರುಗಿಸಿ ಲೋಟ ತುಂಬಿಕೊಳ್ಳುವವರಿಗೆ ಹೊಳೆಯ ಕೆಂಪು ನೆನಪಾಗುವುದಿಲ್ಲ. ನೆನಪಾಗದಂತೆ ಮಾಡುವುದೇ ತೊರೆಕಾಡನಹಳ್ಳಿಯ ಕೆಲಸ. ಮಳೆ ಹಿಡಿದ ಇರುಳಿನಲ್ಲಿ ಗಾಜಿನ ಪಾತ್ರೆಗಳ ಮುಂದೆ ಕುಳಿತು, ಬಗ್ಗಡ ಇಳಿಯುವುದನ್ನೇ ಕಾಯುವವರ ಎಚ್ಚರ ಆ ಲೋಟದಲ್ಲಿದೆ.