ಗೋ ಮೇಲೆ ಪ್ರೀತಿ, ಜೊತೆಗೊಂದು ತಕರಾರು

ಇದು ಹಸುವಿನ ಬಗ್ಗೆ ಅಲ್ಲ :-) ರಾಬರ್ಟ್ ಗ್ರೀಸ್ಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ಸೇರಿ ಗೂಗಲ್‌ನಲ್ಲಿ 2007ರಲ್ಲಿ ಶುರು ಮಾಡಿ, 2009ರಲ್ಲಿ ಹೊರಗೆ ಬಿಟ್ಟ ಪ್ರೋಗ್ರಾಮಿಂಗ್ ಭಾಷೆ ಗೋ. ನನ್ನ ಹೊಟ್ಟೆಪಾಡು ಸದ್ಯಕ್ಕೆ ಅದರಲ್ಲೇ.

ಇದರಲ್ಲಿ ಕೀವರ್ಡ್‌ಗಳು ಬರೀ 25. ಕಂಪೈಲ್ ಮಾಡಿದರೆ ಸಿಗೋದು ಒಂದೇ ಫೈಲು, ಸರ್ವರ್‌ಗೆ ಹಾಕಿದರೆ ಓಡುತ್ತೆ. ಇಂಟರ್‌ಫೇಸ್ ಅಂತೂ ನನಗೆ ಬಲು ಇಷ್ಟ. ಅದು ಕೇಳಿದ ಮೆಥಡ್‌ಗಳು ಇದ್ದರೆ ಆಯಿತು, "ನಾನು ಇವರ ಕಡೆಯವನು" ಅಂತ ಬೋರ್ಡು ಹಾಕಿಕೊಳ್ಳಬೇಕಾಗಿಲ್ಲ.

ತಕರಾರು ಇರೋದು ಬೇರೆ ಕಡೆ. ನಮ್ಮಲ್ಲಿ ಆರ್ಡರಿಗೆ ಮೂರು ಸ್ಥಿತಿ ಇತ್ತು: ಬಾಕಿ, ಪಾವತಿ, ರೀಫಂಡ್. ಗೋನಲ್ಲಿ ಇವನ್ನು 0, 1, 2 ಅನ್ನೋ ಅಂಕಿಗಳಿಗೆ ಹೆಸರಿಟ್ಟು ಬರೆಯೋದು ವಾಡಿಕೆ. ಕಳೆದ ವರ್ಷ ಟೀಮಿನವರೊಬ್ಬರು ನಾಲ್ಕನೆಯದು ಸೇರಿಸಿದರು, ಭಾಗಶಃ ರೀಫಂಡ್. ರಿಪೋರ್ಟಿನ ಸ್ವಿಚ್‌ನಲ್ಲಿ ಮಾತ್ರ ಮೂರೇ ಕೇಸ್ ಉಳಿದವು. ಕಂಪೈಲರ್ ತುಟಿ ಪಿಟಕ್ಕೆನ್ನಲಿಲ್ಲ. ಆ ಆರ್ಡರುಗಳು ಲೆಕ್ಕಕ್ಕೇ ಬರದೆ ಜಾರಿಹೋದವು. ಅಕೌಂಟ್ಸ್ ಮೇಡಂ ಎರಡು ದಿನ ರಾತ್ರಿ ಎಂಟರವರೆಗೆ ಕೂತು, ತಮ್ಮ ಎಕ್ಸೆಲ್ಲೇ ಸರಿಯಿಲ್ಲವೇನೋ ಅಂತ ಕೂಡಿ ಕಳೆದು ನೋಡಿದರಂತೆ. ಪಾಪ!

ರಸ್ಟ್‌ನಲ್ಲಾಗಿದ್ದರೆ ಇದು ಈನಮ್. ಮ್ಯಾಚ್‌ನಲ್ಲಿ ಒಂದನ್ನು ಬಿಟ್ಟರೂ, "ಉಳಿದದ್ದೆಲ್ಲ ಹೀಗೆ" ಅಂತ ಬರೆಯದ ಹೊರತು ಕಂಪೈಲೇ ಆಗೋದಿಲ್ಲ. ಎಂಎಲ್ ವಂಶದ ಭಾಷೆಗಳಿಗೆ ಈ ಸಂಗತಿ ದಶಕಗಳಿಂದ ಗೊತ್ತು. ಗೋನಲ್ಲಿ ಮಾತ್ರ 97 ಅನ್ನೋ ಅಂಕಿಯನ್ನೂ "ಇದು ಆರ್ಡರಿನ ಸ್ಥಿತಿ" ಅಂತ ಕನ್ವರ್ಟ್ ಮಾಡಿ ಕೊಟ್ಟರೆ ಸುಮ್ಮನೆ ಒಪ್ಪಿಕೊಳ್ಳುತ್ತೆ!

ಇಂಥ ಟೈಪುಗಳು ಇಂಟರ್‌ಫೇಸ್ ಜೊತೆ ಗೊಂದಲವಾಗುವ ಹಾಗೆ ಬೆರೆತುಕೊಳ್ಳುತ್ತವೆ, ಅದಕ್ಕೇ ಬಿಟ್ಟೆವು ಅನ್ನೋದು ಗೋ ಮಾಡಿದವರ ವಾದ. 2022ರ ಮಾರ್ಚ್‌ನಲ್ಲಿ 1.18 ಜೊತೆ ಜೆನೆರಿಕ್ಸ್ ಬಂದಾಗ ನನಗೆ ಆಸೆ ಚಿಗುರಿತ್ತು. "ಇಂಟ್ ಅಥವಾ ಸ್ಟ್ರಿಂಗ್" ಅಂತ ಬರೆಯೋದಕ್ಕೆ ಈಗ ಬರುತ್ತೆ, ಆದರೆ ಟೈಪ್ ಪ್ಯಾರಾಮೀಟರಿಗೆ ಹಾಕುವ ಷರತ್ತಾಗಿ ಮಾತ್ರ. ಅದೇ ಟೈಪಿನ ಒಂದು ವೇರಿಯಬಲ್ ಕೊಡಪ್ಪಾ ಅಂದರೆ ಇಲ್ಲ. ಊಟಕ್ಕೆ ಕರೆದು ಎಲೆ ಹಾಕಿ, ಅನ್ನ ಬಡಿಸದ ಹಾಗೆ...

ಹಾಗಂತ ಗೋ ಬಿಡೋಣವೇ? ಹೊಸದಾಗಿ ಸೇರಿದ ಹುಡುಗರು ಒಂದೆರಡು ವಾರದಲ್ಲಿ ಗೋ ಬರೆಯುತ್ತಾರೆ, ರಸ್ಟ್ ಅಷ್ಟು ಸಲೀಸಲ್ಲ. ಸದ್ಯಕ್ಕೆ ಬಿಟ್ಟುಹೋದ ಕೇಸ್ ಹಿಡಿಯೋ ಲಿಂಟರ್ ಒಂದನ್ನು ಹಾಕಿಕೊಂಡಿದ್ದೇವೆ. ನಿಮ್ಮಲ್ಲಿ ಗೋ ಬರೆಯುವವರು ಯಾರಾದರೂ ಇದ್ದರೆ, ಇದನ್ನು ಹೇಗೆ ನಿಭಾಯಿಸುತ್ತೀರಿ ಅಂತ ಎರಡು ಸಾಲು ಬರೆಯಿರಿ.